ಮಾವನ ಜೋಡಿ ಸಿರುಗುಪ್ಪಕ್ಕೆ

ನಮ್ಮ ಅತ್ತೆ, ಮಾವನವರ ಜೊತೆ ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು ಎಂಬುದು ನನಗೆ ಗೊತ್ತಾದದ್ದು ಮದುವೆಯಾಗಿ ಬಳ್ಳಾರಿಗೆ ಬಂದ ಕೆಲವು ತಿಂಗಳ ಮೇಲೆ. ಎರಡನೆಯ ಮಹಾಯುದ್ಧ ಇನ್ನೂ ಪೂರಾ ಮುಗಿದಿರಲಿಲ್ಲ. ಸಿರುಗುಪ್ಪಕ್ಕೆ ಕೊಟ್ಟಿದ್ದ ನಾದಿನಿಗೆ ಮೈಯಾಗ ಹುಷಾರಿಲ್ಲ ಎಂದು ಸುದ್ದಿ ಬಂದಿತ್ತು. ಮಾವ ಕೋಟು ಹಾಕಿಕೊಂಡು ಹೊರಟು ನಿಂತರು. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ.

"ನಾ ಒಲ್ಲೆ. ಅವರ ಜೋಡಿ ಬಸ್ಸಿನ್ಯಾಗ ಕುಂದ್ರೋ ಶಕ್ತಿ ನನಗಿಲ್ಲ. ನೀ ಹೋಗಿ ಬಾ" ಎಂದರು ನನಗೆ.

"ನಾ ಹೋಗ್ಲೇನ್ರಿ ಅತ್ತಿ?"

"ನೀ ಹೊಸಾಕಿ. ನಿನ್ನ ಗುರುತು ಯಾರಿಗೂ ಇಲ್ಲ. ಸೆರಗು ಮುಂದಕ್ಕ ಎಳಕೊಂಡು ಕುಂತುಬಿಡು."

ಈ ಮಾತಿನ ಅರ್ಥ ನನಗಾಗ ಆಗಲಿಲ್ಲ. ಮಾವನವರು ಮನೆಯಲ್ಲಿ ಬಹಳ ಒಳ್ಳೆಯವರು. ಉಂಡ ತಾಟನ್ನು ತಾವೇ ಎತ್ತಿ ಬಚ್ಚಲಿಗೆ ಇಡುತ್ತಿದ್ದರು. ನಮ್ಮ ತವರಿನಲ್ಲಿ ಯಾವ ಗಂಡಸೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅಡುಗೆಮನೆಯ ಕಡೆ ಬರುವ ಮೊದಲು ಒಮ್ಮೆ ಕೆಮ್ಮಿ, ನನಗೆ ಸೆರಗು ಸರಿಮಾಡಿಕೊಳ್ಳಲು ಹೊತ್ತು ಕೊಟ್ಟು, ಆಮೇಲೆ ಬರುತ್ತಿದ್ದರು. ಅವರು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದು ನಿವೃತ್ತಿಯಾದವರು. ಕೆಲಸ ಬಿಟ್ಟಿದ್ದರೂ ಕರಿ ಕೋಟು ಬಿಟ್ಟಿರಲಿಲ್ಲ. ಹೊಸ್ತಿಲು ದಾಟಿದ ಕೂಡಲೇ ಆ ಕೋಟು ಅವರನ್ನು ಬೇರೆ ಮನುಷ್ಯನನ್ನಾಗಿ ಮಾಡುತ್ತಿತ್ತು. ದಾರಿಗೆ ಸೈಕಲ್ಲು ಅಡ್ಡ ನಿಲ್ಲಿಸಿ ಹರಟುವವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕುಡಿಯುವ ನೀರಿನ ನಳದ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುವವನನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತಿದ್ದವಲ್ಲ, ಮಾವ ಯಾರನ್ನು ಗದರಿಸಬೇಕೋ ಅವರ ಮಾತಿನಲ್ಲೇ ಗದರಿಸುತ್ತಿದ್ದರು. ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳಲು ಯಾರಿಗೂ ಆಗುತ್ತಿರಲಿಲ್ಲ.

ಬಸ್ಸು ನಿಲ್ಲುವ ಜಾಗದಲ್ಲೇ ನನ್ನ ಪಾಡು ಶುರುವಾಯಿತು. ಬಸ್ಸು ಬಂದು ನಿಲ್ಲುವ ಮೊದಲೇ ಯಾರೋ ಕಿಟಕಿಯಿಂದ ಒಂದು ಟವೆಲ್ಲನ್ನು ಒಳಗೆ ಎಸೆದು ಸೀಟು ಹಿಡಿದಿದ್ದರು. ಮಾವ ಒಳಗೆ ಹತ್ತಿ, ಆ ಟವೆಲ್ಲನ್ನು ಒಗೆದ ಬಟ್ಟೆ ಮಡಿಸುವ ಹಾಗೆ ನೀಟಾಗಿ ಮಡಿಸಿ, ಕಿಟಕಿಯಿಂದ ಹೊರಗೆ ಚಾಚಿ, "ಇದು ಯಾರದ್ರಿ? ಒಳಗ ಬಿದ್ದಿತ್ತು ನೋಡ್ರಿ" ಎಂದರು. ಟವೆಲ್ಲಿನವನು ಜಗಳಕ್ಕೆ ಬಂದ. ಮಾವ ಆ ಸೀಟಿನಲ್ಲಿ ತಾವು ಕೂರಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಮುದುಕಿಯನ್ನು ಕರೆದು ಕೂರಿಸಿದರು. ನನಗೆ ಕಷ್ಟವಾಗುತ್ತಿದ್ದುದು ಇದೇ. ಅವರು ಹೇಳುವುದು ಹೆಚ್ಚಿನ ಸಲ ಸರಿಯೇ ಇರುತ್ತಿತ್ತು. ತಪ್ಪು ಹೇಳುವವರಾಗಿದ್ದರೆ ಮನಸ್ಸಿನಲ್ಲಿ ಬೈದುಕೊಂಡು ಹಗುರಾಗಬಹುದಿತ್ತು.

ಆ ಬಸ್ಸಿನಲ್ಲಿ ಎರಡೂ ಬದಿಗೆ ಉದ್ದಕ್ಕೆ ಬೆಂಚು, ಜನ ಎದುರುಬದುರು ಕೂರುತ್ತಿದ್ದರು. ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ಬಸ್ಸಿನ ಹಿಂದೆ ಇದ್ದಲಿನ ಡ್ರಮ್ಮು ಕಟ್ಟಿ, ಅದರ ಹೊಗೆಯಿಂದಲೇ ಗಾಡಿ ಓಡಿಸುತ್ತಿದ್ದ ಕಾಲ ಅದು. ಎದುರಿಗೆ ಕೂತ ಒಬ್ಬ ರೈತ ಶೇಂಗಾ ಒಡೆದು ತಿನ್ನುತ್ತ ಸಿಪ್ಪೆಯನ್ನು ಕಾಲ ಬುಡದಲ್ಲೇ ಚೆಲ್ಲುತ್ತಿದ್ದ. ಇದು ನಿಮ್ಮ ಮನೆಯೇನು ಎಂದು ಮಾವ ತೆಲುಗಿನಲ್ಲಿ ಕೇಳಿದರು. ಮನೆಯಾಗಿದ್ದರೆ ಎಮ್ಮೆಗೆ ಹಾಕುತ್ತಿದ್ದೆ, ಇಲ್ಲಿ ಎಮ್ಮೆ ಇಲ್ಲವಲ್ಲ ಎಂದ ಅವನು. ಬಸ್ಸಿನ ತುಂಬ ನಗೆ ಎದ್ದಿತು. ಮಾವ ಬಗ್ಗಿ, ಆ ಸಿಪ್ಪೆಯನ್ನೆಲ್ಲ ತಮ್ಮ ಕೈಯಿಂದಲೇ ಬಳಿದು ಕಿಟಕಿಯಿಂದ ಹಾಕಿದರು. ನಗೆ ನಿಂತಿತು. ಆದರೆ ಎಲ್ಲರೂ ಒಮ್ಮೆ ನನ್ನ ಕಡೆ ನೋಡಿದರು. ಇವನ ಜೋಡಿ ಬಂದಾಕಿ ಇವಳೇ ಎಂದು ಕಣ್ಣಿನಲ್ಲೇ ಅಳೆದರು. ಅತ್ತೆ ಹೇಳಿದ ಸೆರಗಿನ ಮಾತು ಆಗ ತಿಳಿಯಿತು.

ಬಸ್ಸು ಕುರುಗೋಡಿಗೆ ಬಂತು. ಕುರುಗೋಡು ನನ್ನ ತವರು. ನಾನು ಆ ಬಸ್ಸಿನಲ್ಲಿ ಹೋಗುತ್ತೇನೆಂಬ ಸುದ್ದಿ ಹೇಗೋ ಮುಟ್ಟಿ, ನನ್ನ ಅವ್ವ ಓಣಿಯ ನಾಲ್ಕು ಹೆಂಗಸರ ಜೊತೆ ಬಂದು ಕಾಯುತ್ತಿದ್ದಳು. ಬಸ್ಸು ನಿಂತ ಕೂಡಲೇ ಅವರೆಲ್ಲ ಬಾಗಿಲಿಗೆ ಮುತ್ತಿ ಒಳಗೆ ಕತ್ತು ಚಾಚಿದರು. ಅವ್ವನ ಕೈಯಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಇಳಿಯುವವರಿಗೆ ದಾರಿಯಿರಲಿಲ್ಲ.

ಮಾವ ಎದ್ದರು. "ಬಾಗಲಾ ಬಿಡ್ರಿ. ಇಳಿಯೋರು ಇಳೀಬೇಕು, ಹತ್ತೋರು ಹತ್ತಬೇಕು. ಇದೇನು ನಿಮ್ಮ ಮನಿ ಪಡಸಾಲಿ ಏನು? ಸರೀರಿ ಹಿಂದಕ್ಕ."

ಮುಂದೆ ನಿಂತಿದ್ದವಳೇ ಅವ್ವ. ಬೀಗರ ಮುಂದೆ ಬರುವಾಗಿನ ಮರ್ಯಾದೆಗೆ ಮುಖ ಕಾಣದ ಹಾಗೆ ಸೆರಗು ಹೊದ್ದಿದ್ದಳು. ಮಾವನವರು ಅವಳನ್ನು ಸರಿಯಾಗಿ ನೋಡಿದ್ದು ಮದುವೆಯ ಗದ್ದಲದಲ್ಲಿ ಒಮ್ಮೆ ಮಾತ್ರ. ಅವರಿಗೆ ಗುರುತು ಹತ್ತಲಿಲ್ಲ. ನಾನು ಬಾಯಿ ಬಿಟ್ಟು "ಅಕಿ ನಮ್ಮವ್ವ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸೊಸೆ ಮಾವನ ಎದುರು ದನಿ ತೆಗೆಯುವ ರೂಢಿ ನಮ್ಮಲ್ಲಿರಲಿಲ್ಲ. ಅವ್ವ ಹಿಂದೆ ಸರಿದಳು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಬಸ್ಸು ಹೊರಟಿತು. ಗಂಟು ಅವಳ ಕೈಯಲ್ಲೇ ಉಳಿಯಿತು. ದೂಳು ಅವಳನ್ನು ಮುಚ್ಚುವತನಕ ಅವಳು ಅದನ್ನು ಎದೆಗೆ ಹಿಡಿದು ನಿಂತಿದ್ದುದು ನನಗೆ ಕಾಣುತ್ತಿತ್ತು.

ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ಅವ್ವ ಆ ಮಾತು ತೆಗೆಯಲೇ ಇಲ್ಲ. ನಾನೇ ಕೆದಕಿದೆ. "ಅದರಾಗೇನೈತಿ ಬಿಡು. ನಾವು ಬಾಗಲಾಗ ನಿಂತಿದ್ದು ಖರೇನ ಅಲ್ಲ?" ಎಂದು ರೊಟ್ಟಿ ತಟ್ಟುತ್ತ ಕೂತಳು. ಅವಳು ಸಿಟ್ಟು ಮಾಡಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅಂದು ಸಿರುಗುಪ್ಪದಲ್ಲಿ ನೋಡಿದರೆ ನಾದಿನಿಗೆ ಬೇರೇನೂ ಆಗಿರಲಿಲ್ಲ, ಬಸುರಿಯಾಗಿದ್ದಳು. ದಿನ ತುಂಬುತ್ತ ಬಂದಾಗ ಹೆರಿಗೆಗೆ ಅವಳನ್ನು ಕರೆತರಲು ಮತ್ತೆ ನಾವಿಬ್ಬರೇ ಹೊರಟೆವು. ಅತ್ತೆ ಆ ಸಲವೂ ಒಲೆಯ ಮುಂದಿನಿಂದ ಏಳಲಿಲ್ಲ.

ಹತ್ತಿ ಒಡೆದ ದಿನಗಳು. ಕುರುಗೋಡಿನಲ್ಲಿ ನಾನು ತಲೆ ತಗ್ಗಿಸಿ ಕೂತೆ; ಬಸ್ಸಿನ ಹತ್ತಿರ ಬರಬ್ಯಾಡ ಎಂದು ಅವ್ವನಿಗೆ ಮೊದಲೇ ಹೇಳಿ ಕಳಿಸಿದ್ದೆ. ಅಲ್ಲಿ ಗಂಡ ಹೆಂಡತಿ ಇಬ್ಬರು ಹತ್ತಿದರು. ನಡುವಯಸ್ಸು ದಾಟಿದವರು. ಅವನು ಅವಳ ಕೈಹಿಡಿದು ತಂದು ನಮ್ಮ ಎದುರಿಗೇ ಕೂರಿಸಿ, ತಾನು ಪಕ್ಕದಲ್ಲಿ ಕೂತ. ಅವಳ ಸೆರಗು ಹುಬ್ಬಿನವರೆಗೆ ಇಳಿದಿತ್ತು. ಬಸ್ಸು ಹೊರಟದ್ದೇ ತಡ, ಅವನು ಮಾತು ಶುರುಮಾಡಿದ.

"ನೋಡು, ಎಡಗಡಿಗೆ ಹತ್ತಿ ಹೊಲ. ಬೆಳ್ಳಗ ಒಡದೈತಿ. ಕೆಂಪು ಸೀರ್ಯಾಕಿ ಒಬ್ಬಾಕಿ ಬಿಡಸಾಕತ್ತಾಳ ನೋಡು. ಈಗ ಒಂದು ಗಾಡಿ ಬಂತು. ಬಲಕಿನ ಎತ್ತು ಕುಂಟತೈತಿ. ಮ್ಯಾಲ ಕುಂತಾಂವ ನಿದ್ದಿ ಹೊಡ್ಯಾಕತ್ತಾನ."

ಬಸ್ಸಿನ ಸದ್ದಿನ ಮೇಲೆ ಕೇಳಬೇಕೆಂದು ಗಟ್ಟಿಯಾಗಿ ಹೇಳುತ್ತಿದ್ದ. ನಿಲ್ಲಿಸುತ್ತಲೇ ಇರಲಿಲ್ಲ. ಬೇವಿನ ಮರ, ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆ, ಯಾರದೋ ಹೊಲದಲ್ಲಿ ನಿಲ್ಲಿಸಿದ ಬೆದರುಗೊಂಬೆಯ ತಲೆಯ ಗಡಿಗೆ, ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ "ನೋಡು, ನೋಡು" ಎನ್ನುತ್ತಿದ್ದ. ಮಾವ ಮೊದಲು ಗಂಟಲು ಸರಿಮಾಡಿಕೊಂಡರು. ಆಮೇಲೆ ಅವನನ್ನೇ ನೆಟ್ಟಗೆ ನೋಡಿದರು. ಅವನಿಗೆ ಅದರ ಖಬರಿಲ್ಲ. ಇನ್ನೇನು ಬರುತ್ತದೆ ಎಂಬುದು ನನಗೆ ಗೊತ್ತಾಗಿ ಸೆರಗು ಎಳೆದುಕೊಂಡೆ.

"ಏನಪಾ, ಬಸ್ಸಿನ್ಯಾಗ ನೀ ಒಬ್ಬನ ಅದೀ ಏನು? ಆವಾಗಿಂದ ಒದರಾಕತ್ತಿ. ಹೊರಗ ಏನೈತಿ ಅಂತ ನಾವೂ ನೋಡಾಕತ್ತೀವಿ. ಆಕಿಗೇನು ಕಣ್ಣಿಲ್ಲೇನು?"

"ಇಲ್ರಿ" ಎಂದ ಅವನು.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದ. ಆ ಹೆಂಗಸು ಮಾತು ಬಂದ ಕಡೆಗೆ ಮುಖ ಎತ್ತಿದಳು, ಸೆರಗು ಹಿಂದೆ ಜಾರಿತು. ಎರಡೂ ಕಣ್ಣುಗಳಲ್ಲಿ ಬಿಳಿ ಹೂ ಬಿದ್ದಿತ್ತು.

ಹಿಂದಿನ ಡ್ರಮ್ಮಿನ ಸದ್ದು ಮಾತ್ರ ಕೇಳುತ್ತಿತ್ತು. ಮಾವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮೊಣಕಾಲ ಮೇಲಿದ್ದ ಅವರ ಕೈ ಮಾತ್ರ ಕಾಣುತ್ತಿತ್ತು. ಅದು ಕೋಟಿನ ಅಂಚನ್ನು ಹಿಡಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಹೆಂಗಸು ಗಂಡನನ್ನು ಕೇಳಿದಳು, "ಯಾಕ, ಸುಮ್ಮನಾದಿ?"

"ಏನೂ ಇಲ್ಲ. ಬರೇ ಬಯಲು ಐತಿ" ಎಂದ.

ಬಯಲಾಗಿರಲಿಲ್ಲ. ಕಿಟಕಿಯ ಹೊರಗೆ ಒಂದು ದೊಡ್ಡ ಕುರಿಹಿಂಡು ದಾರಿ ದಾಟಲು ನಿಂತಿತ್ತು. ಮುಂದೆ ಒಬ್ಬಳು ಹೆಂಗಸು ಎಳೆಯ ಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಅದು ಎಲ್ಲರಿಗೂ ಕಾಣುತ್ತಿತ್ತು. ಅವನಿಗೂ ಕಾಣುತ್ತಿತ್ತು. ಅವನು ಹೇಳಲಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ಮಾವ ಪಕ್ಕದಲ್ಲೇ ಕೂತಿದ್ದಾರೆ ಎಂಬುದನ್ನೂ ಮರೆತು, "ಕುರಿ ಹಿಂಡು ನಿಂತೈತಿ ನೋಡ್ರಿ. ಒಬ್ಬಾಕಿ ಮರಿ ಎತಗೊಂಡಾಳ" ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ದನಿ ನನಗೇ ಗುರುತಾಗದಂತಿತ್ತು.

"ಯಾರವಾ ನೀನು?" ಎಂದಳು ಆ ಹೆಂಗಸು.

"ಕುರುಗೋಡಿನಾಕಿ. ಬಳ್ಳಾರಿಗೆ ಕೊಟ್ಟಾರ."

"ನಿನಗ್ಯಾಕ ತ್ರಾಸವಾ, ಬಿಡು. ನನಗ ಕಣ್ಣು ಕಾಣುವಾಗೂ ಇಂವ ಹಿಂಗ ಒದರ್ತಿದ್ದ. ಆವಾಗ ನನಗೂ ತಲಿ ಚಿಟ್ಟ ಹಿಡೀತಿತ್ತು. ಬಾಯಿ ಮುಚ್ಚೋ, ನನಗೂ ಕಾಣತೈತಿ ಅಂತ ದಿನಾ ಬೈತಿದ್ದೆ. ಆ ಹಿರ್ಯಾರು ಅಂದದ್ದು ಸುಳ್ಳಲ್ಲ."

ಬಸ್ಸು ನಕ್ಕಿತು. ಆಕೆಯ ಗಂಡನೂ ನಕ್ಕ. ಎಲ್ಲರ ಎದೆಯ ಮೇಲಿನ ಭಾರ ಇಳಿದ ಹಾಗೆ ಆಯಿತು. ಅವನು ಮತ್ತೆ, ಈ ಸಲ ಸಣ್ಣ ದನಿಯಲ್ಲಿ, ಅವಳ ಕಿವಿಯ ಹತ್ತಿರ ಹೇಳತೊಡಗಿದ. ಮಾವ ನಗಲಿಲ್ಲ. ಎದ್ದು, ಕೂತವರ ಕಾಲುಗಳ ನಡುವೆ ದಾಟಿಕೊಂಡು ಬಸ್ಸಿನ ಹಿಂದಿನ ಕಡೆಗೆ ಹೋಗಿ ನಿಂತರು. ಅಲ್ಲಿ ಇದ್ದಲಿನ ಝಳಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಸಿರುಗುಪ್ಪ ಬರುವತನಕ ಅವರು ಅಲ್ಲೇ ಕಂಬಿ ಹಿಡಿದು ನಿಂತಿದ್ದರು. ಇಳಿಯುವಾಗ ಮುಖದ ಮೇಲೆಲ್ಲ ಮಸಿ ಕೂತಿತ್ತು.

ಆ ಗಂಡ ಹೆಂಡತಿ ರಾರಾವಿಗೆ ಹೋಗುವವರು. ಇಳಿದ ಮೇಲೆ ಅವನು ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಹೆಂಡತಿಯನ್ನು ಹಿಡಿದು ಗಾಡಿ ಹುಡುಕುತ್ತಿದ್ದ. ಮಾವ ಹತ್ತಿರ ಹೋಗಿ ಗಂಟಿಗೆ ಕೈ ಚಾಚಿದರು. ಏನೋ ಹೇಳಬೇಕೆಂದು ಬಾಯಿ ತೆರೆದದ್ದು ನನಗೆ ಕಂಡಿತು. "ಇರಲಿ ಬಿಡ್ರಿ ಯಪ್ಪಾ" ಎಂದು ಅವನು ಗಂಟನ್ನು ಹೆಗಲಿಗೇರಿಸಿಕೊಂಡು ನಡೆದ. ಮಾವನವರ ಕೈ ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿತ್ತು. ನಾನು ಬೇರೆ ಕಡೆ ತಿರುಗಿದೆ.

ಮರುದಿನ ನಾದಿನಿಯನ್ನು ಕರೆದುಕೊಂಡು ಅದೇ ಬಸ್ಸಿನಲ್ಲಿ ವಾಪಸು ಹೊರಟೆವು. ಕಂಡಕ್ಟರೂ ಹಿಂದಿನ ದಿನದವನೇ. ಹೆಂಗಸರು ನಾಲ್ಕು ಜನ ಗಟ್ಟಿಯಾಗಿ ಮಾತಾಡುತ್ತಿದ್ದರು. ಅವನು ಟಿಕೆಟ್ಟು ಹರಿಯುತ್ತ ಎಲ್ಲರಿಗೂ ಕೇಳುವ ಹಾಗೆ, "ಮೆತ್ತಗ ಮಾತಾಡ್ರೆವಾ, ಸಾಹೇಬ್ರು ಅದಾರ. ಕಣ್ಣು ಅದಾವೋ ಇಲ್ಲೋ ಅಂತ ವಿಚಾರಿಸ್ತಾರ" ಎಂದ. ಹಿಂದಿನ ದಿನ ಬಂದಿದ್ದವರು ಕೆಲವರಿದ್ದರು, ಅವರು ನಕ್ಕು ಉಳಿದವರಿಗೂ ಹೇಳಿದರು. ನಾದಿನಿ ಗಾಬರಿಯಾಗಿ, "ಏನದು? ಅಪ್ಪಗ ಏನಂದ್ರು?" ಎಂದು ನನ್ನನ್ನು ತಿವಿದಳು. ಮನೆಗೆ ಹೋದ ಮೇಲೆ ಹೇಳುತ್ತೇನೆ ಎಂದು ಕಣ್ಸನ್ನೆ ಮಾಡಿದೆ. ಮಾವ ಬಳ್ಳಾರಿಯವರೆಗೆ ತಲೆ ಎತ್ತಲಿಲ್ಲ.

ಮಾತಿಗೆ ಕಾಲಿರುತ್ತದೆ. ನಾವು ಮನೆ ಸೇರಿದ ವಾರದೊಳಗೆ ಅದು ನಮ್ಮ ಓಣಿಗೂ ಬಂತು. ನಳದ ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತಿದ್ದವರು ಮಾವ ಬರುವುದನ್ನು ಕಂಡು, "ಸರೀಲೇ, ನಿನಗ ಕಣ್ಣಿಲ್ಲೇನು?" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಸರಿಯುತ್ತಿರಲಿಲ್ಲ. ನಾನು ಕೊಡ ಹಿಡಿದು ಸಾಲಿನಲ್ಲಿ ನಿಂತಿರುತ್ತಿದ್ದೆ, ನೆಲ ನೋಡುತ್ತಿದ್ದೆ. ಮಾವ ಮೊದಲು ಆ ದಾರಿ ಬಿಟ್ಟು ಸುತ್ತಿ ಹೋಗತೊಡಗಿದರು. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟರು. ಕಾಯಿಪಲ್ಯಕ್ಕೂ ಹೋಗಲಿಲ್ಲ. ಕರಿ ಕೋಟು ಗೂಟಕ್ಕೆ ತೂಗುತ್ತಿತ್ತು.

ಅತ್ತೆಗೆ ಮೊದಲು ನೆಮ್ಮದಿಯೇ ಆಯಿತು. "ಸಾಕಾಗಿ ಹೋಗಿತ್ತವಾ. ಇನ್ನ ಯಾರ ಜೋಡಿ ಜಗಳ ಇಲ್ಲ" ಎಂದರು. ತಿಂಗಳು ಕಳೆಯುತ್ತ ಅವರ ಮಾತು ಬದಲಾಯಿತು. ಪಕ್ಕದವರು ನಮ್ಮ ಬಾಗಿಲ ಮುಂದೆಯೇ ಮುಸುರೆ ಚೆಲ್ಲಿದರು. ಮಾವ ಪಡಸಾಲೆಯಲ್ಲಿ ಕೂತು ನೋಡಿದರು, ಏನೂ ಅನ್ನಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ಏನಾದರ ಅನ್ನಾಕ ಹೇಳು ನಿಮ್ಮ ಮಾವನವರಿಗೆ" ಎಂದರು. ನಾನು ಹೇಗೆ ಹೇಳಲಿ? ಪೊರಕೆ ತಂದು ಗುಡಿಸಿದೆ.

ನಾದಿನಿಗೆ ಗಂಡು ಕೂಸು ಹುಟ್ಟಿತು. ಐದು ತಿಂಗಳು ತುಂಬಿದ ಮೇಲೆ ತೊಟ್ಟಿಲು, ಬಟ್ಟೆಬರೆ ಸಮೇತ ತಾಯಿ ಕೂಸನ್ನು ಗಂಡನ ಮನೆಗೆ ಮುಟ್ಟಿಸಬೇಕು. ಅದು ತಂದೆ ಮಾಡಬೇಕಾದ ಕೆಲಸ. ಮಾವ ಒಲ್ಲೆ ಎಂದರು. ಮಗ ಹೋಗಲಿ, ಇನ್ಯಾರಾದರೂ ಹೋಗಲಿ ಎಂದರು. ನಾದಿನಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು, "ಯಾಕಪ್ಪಾ? ನಾ ಏನರ ಮಾಡೀನೇನು?"

"ನೀ ಏನೂ ಮಾಡಿಲ್ಲ."

"ಮತ್ತ?"

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಾನು ಕೇಳುತ್ತಿದ್ದೇನೆ ಎಂಬುದು ಮಾವನವರಿಗೆ ಗೊತ್ತಿತ್ತು. ಆದರೂ ಹೇಳಿದರು. "ನನಗ ನಾಚಿಕಿ ಆಗತೈತಿ. ಆ ಬಸ್ಸು ಹತ್ತಾಕ ನಾಚಿಕಿ ಆಗತೈತಿ."

ಅಷ್ಟು ಹಿರಿಯ ಗಂಡಸೊಬ್ಬ ಆ ಮಾತು ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. ನಾದಿನಿಗೆ ಅಷ್ಟರಲ್ಲಿ ನಾನೇ ಹಿತ್ತಲಲ್ಲಿ ಎಲ್ಲ ಹೇಳಿದ್ದೆ, ಅವಳಿಗೆ ಹೊಸದೇನೂ ಇರಲಿಲ್ಲ. ಅವಳು ಕೂಸಿನ ಕಾಲನ್ನು ಮತ್ತೆ ನೀವುತ್ತ ಹೇಳಿದಳು.

"ಯಪ್ಪಾ, ನಾವು ಸಣ್ಣಾವರಿದ್ದಾಗಿಂದ ನಿನ್ನ ಜೋಡಿ ನಾಚಿಕೊಂತ ನಾಚಿಕೊಂತ ಬಂದೀವಿ. ಸಂತ್ಯಾಗ, ರೈಲಿನ್ಯಾಗ, ಗುಡ್ಯಾಗ. ಅವ್ವ ಬರೋದು ಬಿಟ್ಲು. ನಾವು ಬಿಡ್ಲಿಲ್ಲ. ಈಗ ನೀನೂ ಒಂದೀಟು ನಾಚಿಕೊಂತ ಬಾ. ಅದರಿಂದ ಯಾರೂ ಸಾಯಂಗಿಲ್ಲ."

ಮಗಳನ್ನು ಕಳಿಸುವ ದಿನ ಬೆಳಿಗ್ಗೆ ಮಾವ ಸ್ನಾನ ಮಾಡಿ ಬಂದು ಅಂಗಿಯ ಮೇಲೆ ಒಂದು ಶಲ್ಯ ಹೊದ್ದುಕೊಂಡು, "ಹೊತ್ತಾತು, ನಡೀರಿ" ಎಂದರು. ಅತ್ತೆ ನನಗೆ ಕಣ್ಣಿನಲ್ಲೇ ಹೇಳಿದರು, ನೀನೂ ಹೋಗು ಎಂದು.

ಆ ಸಲದ ಬಸ್ಸಿಗೆ ಇದ್ದಲಿನ ಡ್ರಮ್ಮಿರಲಿಲ್ಲ, ಕಂಡಕ್ಟರೂ ಬೇರೆಯವನು. ಕೂಸಿನ ಬಟ್ಟೆಯ ಗಂಟನ್ನು ಬೆಂಚಿನ ಕೆಳಗೆ ಇಟ್ಟಿದ್ದೆವು. ಕುರುಗೋಡು ದಾಟಿದ ಮೇಲೆ ಎದುರಿಗೆ ಕೂತಿದ್ದವನೊಬ್ಬ ಕಾಲು ಚಾಚಿ, ಗದ್ದೆಯ ಕೆಸರು ಹತ್ತಿದ ಚಪ್ಪಲಿಯ ಸಮೇತ ಆ ಗಂಟಿನ ಮೇಲೆ ಇಟ್ಟುಕೊಂಡ. ನಾದಿನಿ ನನ್ನ ಕಡೆ ನೋಡಿದಳು. ನಾವಿಬ್ಬರೂ ಮಾವನ ಕಡೆ ನೋಡಿದೆವು. ಅವರಿಗೂ ಕಂಡಿತ್ತು. ಬಹಳ ಹೊತ್ತು ತಡೆದರು. ಆಮೇಲೆ ಬಗ್ಗಿ, ಬೇಡುವವರ ಹಾಗೆ ಸಣ್ಣ ದನಿಯಲ್ಲಿ, "ತಮ್ಮಾ, ಅದರಾಗ ಕೂಸಿನ ಅರಿವಿ ಅದಾವು" ಎಂದರು.

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ. ಕಾಲು ತೆಗೆಯಲಿಲ್ಲ. ಮಾವ ಎರಡನೆಯ ಸಲ ಹೇಳಲಿಲ್ಲ. ಆ ದನಿ ಕೇಳಿ ನನಗಾದ ನಾಚಿಕೆ ಹಿಂದಿನ ಎಲ್ಲ ಸಲಗಳಿಗಿಂತ ಹೆಚ್ಚು. ಒಮ್ಮೆ ಗದರಿಸಿಬಿಡಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವರು ಗದರಿಸಲಿಲ್ಲ. ನಾನೇ ಬಗ್ಗಿ, ಅವನ ಕಾಲ ಕೆಳಗಿನಿಂದ ಗಂಟನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಆಗ ಕಾಲು ಮಡಿಸಿದ.

ಅಷ್ಟರಲ್ಲಿ ಕೂಸು ಅಳಲು ಶುರುಮಾಡಿತು. ಹಾಲು ಕೊಟ್ಟರೂ ನಿಲ್ಲಲಿಲ್ಲ, ಭುಜದ ಮೇಲೆ ಹಾಕಿ ತಟ್ಟಿದರೂ ನಿಲ್ಲಲಿಲ್ಲ. ಮಾವ ಅದನ್ನು ಎತ್ತಿಕೊಂಡು ಬೆಂಚುಗಳ ನಡುವೆ ನಿಂತರು. ಕೂಸು ಇನ್ನೂ ಜೋರಾಗಿ ಅಳುತ್ತಿತ್ತು. ಯಾರೂ ಏನೂ ಅಂದಿರಲಿಲ್ಲ. ಆದರೂ ಮಾವ ಒಬ್ಬೊಬ್ಬರ ಕಡೆಗೂ ತಿರುಗಿ, "ತಪ್ಪು ತಿಳೀಬ್ಯಾಡ್ರಿ, ಹಲ್ಲು ಬರಾಕತ್ತಾವು, ಅದಕ್ಕ" ಎನ್ನುತ್ತಿದ್ದರು.

"ಕೂಸಂದ್ರ ಅಳತೈತ್ರಿ ಅಜ್ಜಾರ, ನೀವು ಕುಂದರ್ರಿ" ಎಂದು ಕೊನೆಗೆ ಯಾರೋ ಜಾಗ ಮಾಡಿಕೊಟ್ಟರು. ಅವರು ಕೂತರು. ಸಿರುಗುಪ್ಪದಲ್ಲಿ ಅಳಿಯ ಬಂದು ಕಾಯುತ್ತಿದ್ದ. ಇಳಿಯುವವರು ಬಹಳ ಜನ ಇದ್ದರು. ಮಾವ ಕೂಸನ್ನು ಎದೆಗೆ ಒತ್ತಿ ಹಿಡಿದು ಬಾಗಿಲ ಪಕ್ಕಕ್ಕೆ ಸರಿದು ನಿಂತು, ಎಲ್ಲರೂ ಇಳಿದ ಮೇಲೆ ಇಳಿದರು.